ಕುದುರೆಯಿಂದ ಜಲಜನಕಯಂತ್ರದವರೆಗೆ: ವಿಜಯನಗರದ ಸೀಮೆಯಲ್ಲಿ ಆಮದಿನ ಸಾಧನಗಳು

ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿಗೆ ಸೇರಿದ ತೋರಣಗಲ್ಲಿನಲ್ಲಿ ಜಲಜನಕದ ಸ್ಥಾವರವೊಂದು ಕಾರ್ಯಾರಂಭ ಮಾಡಿತೆಂದು 2025ರ ನವೆಂಬರಿನಲ್ಲಿ ಜೆಎಸ್‌ಡಬ್ಲ್ಯು ಎನರ್ಜಿ ಸಂಸ್ಥೆಯು ಪ್ರಕಟಿಸಿತು. ಗಾಳಿ ಬಿಸಿಲುಗಳಿಂದ ಪಡೆದ ವಿದ್ಯುತ್ತನ್ನು ನೀರಿನಲ್ಲಿ ಹಾಯಿಸಿ, ನೀರನ್ನು ಜಲಜನಕ ಆಮ್ಲಜನಕಗಳಾಗಿ ಒಡೆದು, ಆ ಜಲಜನಕವನ್ನು ನೆರೆಯ ಉಕ್ಕಿನ ಕಾರ್ಖಾನೆಗೆ ಒದಗಿಸುವುದು ಇದರ ಉದ್ದೇಶ. ವರ್ಷಕ್ಕೆ 3,800 ಟನ್ ಜಲಜನಕವನ್ನೂ 30,000 ಟನ್ ಆಮ್ಲಜನಕವನ್ನೂ ಏಳು ವರ್ಷಗಳ ಕಾಲ ಕೊಡುವುದಾಗಿ ಕರಾರು ಆಗಿದೆ. ‘ಹಸಿರು ಜಲಜನಕ’ವೆಂದು ಈಗ ಎಲ್ಲೆಡೆಯೂ ಹೇಳುತ್ತಿರುವ ವಸ್ತುವು ಇದೇ.

ಇಂಥ ವಿಷಯವು ಇತಿಹಾಸ ವಿಭಾಗದ ಸಂಚಿಕೆಗೆ ಸಲ್ಲುವುದೇ ಎಂದು ಓದುಗರು ಕೇಳಬಹುದು. ಸಲ್ಲುವುದೆಂಬುದು ನನ್ನ ಅಭಿಪ್ರಾಯ. ಏಕೆಂದರೆ ಈ ಸ್ಥಾವರಕ್ಕೆ ಬೇಕಾದ ಅದುರು ಸಂಡೂರಿನ ಬೆಟ್ಟಗಳಲ್ಲಿದೆ; ನೀರು ತುಂಗಭದ್ರೆಯ ಸೀಮೆಯಲ್ಲಿದೆ; ಬಿಸಿಲಿಗೂ ಗಾಳಿಗೂ ಈ ಒಣನಾಡಿನಲ್ಲಿ ಬಡತನವಿಲ್ಲ. ಆದರೆ ಇವೆಲ್ಲವನ್ನೂ ಒಂದಕ್ಕೊಂದು ಕೂಡಿಸಿ ಶಕ್ತಿಯನ್ನಾಗಿ ಮಾಡುವ ಯಂತ್ರ, ಅಥವಾ ಆ ಯಂತ್ರದ ಮರ್ಮಸ್ಥಾನದಲ್ಲಿರುವ ಲೋಹವೂ ಪೊರೆಯೂ, ಪರದೇಶದಿಂದ ಬರಬೇಕು. ಇದೇ ಸೀಮೆಯಲ್ಲಿ, ಇಲ್ಲಿಂದ ಸುಮಾರು 30 ಕಿಲೊಮೀಟರ್ ಪಶ್ಚಿಮಕ್ಕೆ ಹೊಸಪೇಟೆಯನ್ನು ದಾಟಿದರೆ ಸಿಗುವ ರಾಜಧಾನಿಯಲ್ಲಿ, ಇದೇ ಬಗೆಯ ಪರಿಸ್ಥಿತಿಯು ಇನ್ನೂರು ವರ್ಷಗಳಿಗೂ ಮಿಕ್ಕಿ ನಡೆದುಬಂದಿದ್ದಿತು. ವಿಜಯನಗರಕ್ಕೆ ಅನ್ನವಿದ್ದಿತು, ಹತ್ತಿಯಿದ್ದಿತು, ಕಬ್ಬಿಣವಿದ್ದಿತು, ಆಳುಗಳಿದ್ದರು. ಯುದ್ಧಕ್ಕೆ ಯೋಗ್ಯವಾದ ಕುದುರೆ ಮಾತ್ರ ಸಮುದ್ರದ ಆಚೆಯಿಂದ ಬರಬೇಕಾಗಿದ್ದಿತು. ಕುದುರೆಗೂ ಯಂತ್ರಕ್ಕೂ ಏನು ಸಂಬಂಧವೆಂದು ನಗುವುದು ಸುಲಭ. ಆದರೆ ರಾಜ್ಯದ ಬಲವು ಹೊರಗಿನಿಂದ ತರಿಸುವ ಒಂದು ಸಾಧನದ ಮೇಲೆ ನಿಂತಿರುವಾಗ ಏನೇನು ನಡೆಯುತ್ತದೆಂಬುದಕ್ಕೆ ನಮ್ಮ ನಾಡಿನಲ್ಲಿ ಇದಕ್ಕಿಂತ ವಿವರವಾದ ದಾಖಲೆಯು ದೊರೆಯಲಾರದು.

ಮೊದಲು ತೋರಣಗಲ್ಲಿನ ಲೆಕ್ಕವನ್ನು ಸ್ವಲ್ಪ ನೋಡೋಣ. ಇಂಥ ವಿಷಯಗಳಲ್ಲಿ ಅಂಕಿಗಳನ್ನು ಕೈಯಲ್ಲಿ ಹಿಡಿಯದೆ ಮಾತನಾಡುವ ರೂಢಿ ಹೆಚ್ಚಾಗಿದೆ. 25 ಮೆಗಾವಾಟ್ ವಿದ್ಯುತ್ತು ಹಗಲಿರುಳೂ ಹರಿದರೆ ವರ್ಷಕ್ಕೆ ಸುಮಾರು 21.9 ಕೋಟಿ ಯೂನಿಟ್ ಆಗುತ್ತದೆ. ಇದನ್ನು 3,800 ಟನ್ನಿಗೆ ಹಂಚಿದರೆ ಕಿಲೋಗ್ರಾಮೊಂದಕ್ಕೆ 57 ಯೂನಿಟ್‌ಗಳಷ್ಟು ಬೀಳುವುದು. ನೀರನ್ನು ಒಡೆದಾಗ ತೂಕದಲ್ಲಿ ಒಂದು ಪಾಲು ಜಲಜನಕಕ್ಕೆ ಎಂಟು ಪಾಲು ಆಮ್ಲಜನಕವು ದೊರೆಯುವುದರಿಂದ, 30,000 ಟನ್ ಎಂಬ ಅಂಕಿಯೂ ಸರಿಹೊಂದುತ್ತದೆ. ಒಡೆಯಬೇಕಾದ ನೀರು ವರ್ಷಕ್ಕೆ ಸುಮಾರು 34,000 ಟನ್, ಇದು ದೊಡ್ಡದಲ್ಲ. ಇನ್ನು ಅದುರಿನಿಂದ ಒಂದು ಟನ್ ಕಬ್ಬಿಣವನ್ನು ಜಲಜನಕ ಒಂದರಿಂದಲೇ ಬಿಡಿಸಬೇಕಾದರೆ ರಸಾಯನಶಾಸ್ತ್ರದ ಲೆಕ್ಕದಂತೆ ಕನಿಷ್ಠ 54 ಕಿಲೋಗ್ರಾಂ ಜಲಜನಕ ಬೇಕು. ಅಂದರೆ 3,800 ಟನ್ನಿನಿಂದ ಹೆಚ್ಚೆಂದರೆ 70,000 ಟನ್ ಕಬ್ಬಿಣ ದೊರೆಯಬಹುದು. ತೋರಣಗಲ್ಲಿನ ಕಾರ್ಖಾನೆಯ ಸಾಮರ್ಥ್ಯವು ವರ್ಷಕ್ಕೆ ಒಂದು ಕೋಟಿ ಟನ್ನನ್ನು ಎಂದೋ ದಾಟಿದೆ. ಹೀಗಾಗಿ ಈಗ ನಡೆದಿರುವುದು ಶೇಕಡಾ ಒಂದಕ್ಕೂ ಕಡಿಮೆಯ ಕೆಲಸ. ಉಳಿದ ತೊಂಬತ್ತೊಂಬತ್ತು ಪಾಲಿಗೆ ಯಂತ್ರಗಳು ಬರಬೇಕಾದಾಗ ಅವು ಎಲ್ಲಿಂದ ಬರುವುವು, ಕೆಟ್ಟಾಗ ಯಾರು ಸರಿಮಾಡುವರು ಎಂಬುದೇ ಮುಂದಿನ ಪ್ರಶ್ನೆ.

ಈಗ ಕುದುರೆಯ ಮಾತಿಗೆ ಬರೋಣ. ವಿಜಯನಗರವು ಸ್ಥಾಪನೆಯಾಗುವುದಕ್ಕೆ ಮುಂಚೆ, 13ನೆಯ ಶತಮಾನದ ಕೊನೆಯಲ್ಲಿ, ಪಾಂಡ್ಯರ ನಾಡನ್ನು ಕಂಡ ಮಾರ್ಕೊ ಪೋಲೊ ಒಂದು ಸಂಗತಿಯನ್ನು ಬರೆದಿಟ್ಟಿದ್ದಾನೆ. ಅಲ್ಲಿಯ ಐವರು ಅರಸರಲ್ಲಿ ಒಬ್ಬೊಬ್ಬರೂ ವರ್ಷಕ್ಕೆ ಎರಡು ಸಾವಿರ ಕುದುರೆಗಳನ್ನು ಕೊಳ್ಳುವರೆಂದೂ, ವರ್ಷ ಕಳೆಯುವುದರೊಳಗೆ ಅವುಗಳಲ್ಲಿ ನೂರು ಕೂಡ ಬದುಕಿರುವುದಿಲ್ಲವೆಂದೂ ಆತನು ಹೇಳುತ್ತಾನೆ. ಅನ್ನ ಮಾಂಸಗಳನ್ನು ತಿನ್ನಿಸಿ ಸಾಕುವ ಜನರಿಗೆ ಕುದುರೆಯ ಆರೈಕೆಯು ತಿಳಿಯದು. ಲಾಳ ಕಟ್ಟುವವರೂ ಅಶ್ವವೈದ್ಯರೂ ಅಲ್ಲಿಲ್ಲ. ಇದಕ್ಕೆ ಕಾರಣವನ್ನು ಸೂಚಿಸುವ ಮಾತು ಮುಖ್ಯವಾದುದು: ಕುದುರೆ ತರುವ ವರ್ತಕರು ಇಂಥ ಕಸಬುದಾರರನ್ನು ತಮ್ಮೊಡನೆ ಕರೆತರುವುದಿಲ್ಲ, ತಾವಾಗಿ ಹೋಗಲೂ ಬಿಡುವುದಿಲ್ಲ, ಕುದುರೆಗಳು ಸತ್ತಷ್ಟೂ ಅವರಿಗೆ ಲಾಭ. ಪೋಲೊನ ಅಂಕಿಗಳು ಉತ್ಪ್ರೇಕ್ಷೆಯಿಂದ ಕೂಡಿರಬಹುದು. ಆದರೆ ಮಾರಾಟಗಾರನು ಸರಕನ್ನು ಕೊಟ್ಟು ಅದನ್ನು ಬದುಕಿಸುವ ವಿದ್ಯೆಯನ್ನು ಮಾತ್ರ ತನ್ನಲ್ಲಿಯೇ ಇಟ್ಟುಕೊಳ್ಳುವನೆಂಬ ಸೂಕ್ಷ್ಮವನ್ನು ಆ ವರ್ತಕನ ಮಗನು ಸರಿಯಾಗಿಯೇ ಹಿಡಿದಿದ್ದಾನೆ.

ವಿಜಯನಗರದ ಸಂಗತಿಯನ್ನು ನಮಗೆ ತಿಳಿಸುವವನು ಸ್ವತಃ ಕುದುರೆ ವ್ಯಾಪಾರದಲ್ಲಿದ್ದ ಪೋರ್ಚುಗೀಸನಾದ ಫೆರ್ನಾವ್ ನ್ಯೂನಿಜ್. ಆತನು ಸುಮಾರು 1535ರಿಂದ 1537ರ ವೇಳೆಗೆ ಬರೆದ ವೃತ್ತಾಂತವನ್ನು ಪ್ಯಾರಿಸಿನ ಹಸ್ತಪ್ರತಿಯಿಂದ ಡೇವಿಡ್ ಲೋಪೆಸ್ 1897ರಲ್ಲಿ ಲಿಸ್ಬನ್ನಿನಲ್ಲಿ ಪ್ರಕಟಿಸಿದನು. ಬಳ್ಳಾರಿಯ ಕಲೆಕ್ಟರನಾಗಿದ್ದ ರಾಬರ್ಟ್ ಸ್ಯೂಯೆಲ್ 1900ರಲ್ಲಿ ಅದನ್ನು ಇಂಗ್ಲಿಷಿಗೆ ತಂದನು. ಸಾಳುವ ನರಸಿಂಹನು ಹೊರ್ಮುಜ್ ಮತ್ತು ಏಡನ್ನುಗಳಿಂದ ಕುದುರೆ ತರಿಸಲು ವರ್ತಕರಿಗೆ ಕೇಳಿದಷ್ಟು ಬೆಲೆ ಕೊಡುತ್ತಿದ್ದನೆಂದೂ, ಬದುಕಿದ್ದರೂ ಸತ್ತಿದ್ದರೂ ಸಾವಿರ ಪರ್ದಾವಿಗೆ ಮೂರರಂತೆ ತೆಗೆದುಕೊಳ್ಳುತ್ತಿದ್ದನೆಂದೂ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಪೂರ್ತಿ ಹಣ ದೊರೆಯುತ್ತಿದ್ದಿತೆಂದೂ ನ್ಯೂನಿಜ್ ಹೇಳುತ್ತಾನೆ. ಪರ್ದಾವು ಎಂಬುದು ನಮ್ಮ ವರಾಹಕ್ಕೆ ಪೋರ್ಚುಗೀಸರು ಇಟ್ಟ ಹೆಸರು. ಈ ಬಾಲದ ಕಥೆಯನ್ನು ಅರಸನ ದಡ್ಡತನಕ್ಕೆ ಉದಾಹರಣೆಯಾಗಿ ಹೇಳುವುದುಂಟು. ನನಗೆ ಹಾಗೆ ತೋರುವುದಿಲ್ಲ. ದಾರಿಯಲ್ಲಿ ಆಗುವ ನಷ್ಟವನ್ನು ಕೊಳ್ಳುವವನೇ ಹೊತ್ತುಕೊಂಡಲ್ಲದೆ ವರ್ತಕನು ಹಡಗು ಹೊರಡಿಸಲಾರನೆಂಬ ಪರಿಸ್ಥಿತಿಯಲ್ಲಿ ಇದು ಬುದ್ಧಿಪೂರ್ವಕವಾಗಿ ಕೊಟ್ಟ ಅಭಯ. ಹೊಸ ಉದ್ಯಮಗಳಿಗೆ ಸರ್ಕಾರಗಳು ಇಂದು ಕೊಡುವ ಪ್ರೋತ್ಸಾಹಧನವೂ ತತ್ತ್ವದಲ್ಲಿ ಇದಕ್ಕಿಂತ ಬೇರೆಯಲ್ಲ.

ಹಣ ಎಲ್ಲಿಂದ ಬರುತ್ತಿದ್ದಿತೆಂಬುದೂ ವಿಚಾರಕ್ಕೆ ಅರ್ಹವಾಗಿದೆ. ಅರಸನು ವರ್ಷಕ್ಕೆ ಹೊರ್ಮುಜಿನ 13,000 ಕುದುರೆಗಳನ್ನೂ ಅವಲ್ಲದೆ ನಾಡತಳಿಗಳನ್ನೂ ಕೊಳ್ಳುತ್ತಿದ್ದನೆಂದು ನ್ಯೂನಿಜ್ ಬರೆದಿದ್ದಾನೆ. ಅಂದಿನ ಹಡಗುಗಳ ಗಾತ್ರವನ್ನು ನೆನೆದರೆ ಈ ಸಂಖ್ಯೆಯನ್ನು ಎಚ್ಚರಿಕೆಯಿಂದಲೇ ಒಪ್ಪಬೇಕು. ಆದರೆ ಕ್ರಮವು ಸ್ಪಷ್ಟವಾಗಿದೆ. ಉತ್ತಮವಾದವನ್ನು ತನ್ನ ಲಾಯಕ್ಕೆ ಆರಿಸಿಕೊಂಡು, ನಾಡತಳಿಗಳನ್ನು ಸಾವಿರ ಪರ್ದಾವಿಗೆ ಐದರಂತೆ ನಾಯಕರಿಗೆ ಕೊಟ್ಟು, ಅವರಿಂದ ವಸೂಲಾದ ಹಣದಲ್ಲಿ ಅರಬ್ಬಿ ಕುದುರೆಗಳ ಬೆಲೆಯನ್ನು ತೀರಿಸುತ್ತಿದ್ದನು. ಬೊಕ್ಕಸದಿಂದ ಏನೂ ಹೊರಹೋಗುತ್ತಿರಲಿಲ್ಲ. ನಾಯಕರು ಆ ಹಣವನ್ನು ಯಾರಿಂದ ಎತ್ತಿದರೆಂದು ನ್ಯೂನಿಜ್ ಹೇಳುವ ಅಗತ್ಯವನ್ನು ಕಂಡಿಲ್ಲ. ತುಂಗಭದ್ರೆಯ ಕಾಲುವೆಗಳ ಕೆಳಗೆ ಭತ್ತ ಬೆಳೆಯುತ್ತಿದ್ದ ಕಂಪ್ಲಿಯ ಸೀಮೆಯ ಒಕ್ಕಲಿಗನು ಅದನ್ನು ಬಲ್ಲವನಾಗಿದ್ದಿರಬೇಕು.

ಸರಕು ಬರುವ ದಾರಿಯು ಒಬ್ಬನ ಕೈಗೆ ಸಿಕ್ಕಿದಾಗ ಕಷ್ಟವು ಇಮ್ಮಡಿಯಾಯಿತು. ಭಟ್ಕಳ, ಹೊನ್ನಾವರ ಮೊದಲಾದ ಬಂದರುಗಳಲ್ಲಿ ಅರಬ್ಬಿ ವರ್ತಕರು ಕುದುರೆ ಇಳಿಸುತ್ತಿದ್ದ ಕಾಲದಲ್ಲಿ ಕೊಳ್ಳುವವನಿಗೆ ಆಯ್ಕೆಯಿದ್ದಿತು. 1510ರಲ್ಲಿ ಆಲ್ಬುಕರ್ಕನು ಗೋವೆಯನ್ನು ಹಿಡಿದನು. 1515ರಲ್ಲಿ ಹೊರ್ಮುಜ್ ಅವನ ವಶವಾಯಿತು. ಸರಕು ಹೊರಡುವ ಬಾಗಿಲು ಮತ್ತು ಬಂದಿಳಿಯುವ ಬಾಗಿಲು ಎರಡೂ ಒಬ್ಬರ ಕೈಸೇರಿದಂತಾಯಿತು. ಕುದುರೆ ತುಂಬಿದ ಹಡಗುಗಳು ಗೋವೆಗೇ ಬರಬೇಕೆಂಬ ಕಟ್ಟಳೆ ಮಾಡಿ, ವಿಜಯನಗರ ಬಿಜಾಪುರಗಳೆರಡನ್ನೂ ಆಸೆಯಲ್ಲಿಟ್ಟು ನಡೆಸಿಕೊಂಡು ಹೋಗುವುದು ಆಲ್ಬುಕರ್ಕನ ನೀತಿಯಾಗಿದ್ದಿತು. ಕೃಷ್ಣದೇವರಾಯನು ಇದರ ಮರ್ಮವನ್ನು ಅರಿತಿದ್ದನೆಂಬುದಕ್ಕೆ ಆತನ ತೆಲುಗು ಕಾವ್ಯ ‘ಆಮುಕ್ತಮಾಲ್ಯದ’ದ ರಾಜನೀತಿಭಾಗವೇ ಸಾಕ್ಷಿ: ಬಂದರುಗಳನ್ನು ಚೆನ್ನಾಗಿ ನೋಡಿಕೊಳ್ಳಬೇಕು, ದೂರದಿಂದ ಆನೆ ಕುದುರೆಗಳನ್ನು ತರುವ ವರ್ತಕರಿಗೆ ಊರು ಮನೆಗಳನ್ನೂ ತಕ್ಕ ಲಾಭವನ್ನೂ ಕೊಟ್ಟು ತನ್ನವರನ್ನಾಗಿ ಮಾಡಿಕೊಳ್ಳಬೇಕು, ಆ ಸರಕು ಶತ್ರುವಿಗೆ ಹೋಗದಂತೆ ನೋಡಬೇಕು ಎಂಬುದು ಅಲ್ಲಿಯ ಉಪದೇಶದ ತಾತ್ಪರ್ಯ. 1547ರ ಸೆಪ್ಟೆಂಬರಿನಲ್ಲಿ ಸದಾಶಿವರಾಯನ ಹೆಸರಿನಲ್ಲಿ ಪೋರ್ಚುಗೀಸರ ಅಧಿಪತಿ ಜೊವಾವ್ ದ ಕಾಸ್ತ್ರೊನೊಡನೆ ಆದ ಒಪ್ಪಂದವು ಈ ನೀತಿಯ ಬರವಣಿಗೆಯ ರೂಪ. ಗೋವೆಯಲ್ಲಿ ಇಳಿದ ಕುದುರೆಗಳು ವಿಜಯನಗರಕ್ಕೇ ಹೊರತು ಬಿಜಾಪುರಕ್ಕೆ ಹೋಗಕೂಡದು. ಪ್ರತಿಯಾಗಿ ವಿಜಯನಗರದ ವರ್ತಕರ ಸರಕು ಅಂಕೋಲ ಹೊನ್ನಾವರಗಳ ಮೂಲಕ ಪೋರ್ಚುಗೀಸರಿಗೆ ಹೋಗಬೇಕು. ಆ ಒಪ್ಪಂದದಲ್ಲಿ ಪೆಟ್ಲುಪ್ಪಿನ ಜೊತೆಗೆ ಕಬ್ಬಿಣದ ಪ್ರಸ್ತಾಪವೂ ಬರುತ್ತದೆಂಬುದನ್ನು ಈ ಸೀಮೆಯವರು ಗಮನಿಸಬೇಕು. ಮರುವರ್ಷವೇ ಪೋರ್ಚುಗೀಸರು ಬಿಜಾಪುರದೊಡನೆಯೂ ಸಂಧಿ ಮಾಡಿಕೊಂಡರು.

ಹಾಗಾದರೆ ವಿಜಯನಗರದವರು ಪೋಲೊ ಕಂಡ ಪಾಂಡ್ಯರಂತೆ ಅಜ್ಞರಾಗಿದ್ದರೆ? ಇರಲಿಲ್ಲ. ಅರಮನೆಯ ಕುದುರೆಗಳ ಸೇವೆಗೆ 1,600 ಮಂದಿ ಲಾಯದಾಳುಗಳೂ, ಪಳಗಿಸುವವರು 300 ಮಂದಿಯೂ, ಕಮ್ಮಾರ ಬಡಗಿ ಮೊದಲಾದ ಕಸಬುದಾರರು 2,000 ಮಂದಿಯೂ ಇದ್ದರೆಂದು ನ್ಯೂನಿಜ್ ಲೆಕ್ಕ ಕೊಡುತ್ತಾನೆ. ಹಜಾರರಾಮ ದೇವಾಲಯದ ಪ್ರಾಕಾರದ ಹೊರಗೋಡೆಯಲ್ಲಿ ಕುದುರೆಗಳನ್ನು ನಡೆಸಿಕೊಂಡು ಹೋಗುವವರ ಸಾಲನ್ನು ನೋಡಿದರೂ, ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಪರನಾಡಿನ ವೇಷದ ಕುದುರೆಯವರನ್ನು ನೋಡಿದರೂ, ಕುದುರೆಯ ಜೊತೆಗೆ ಕುದುರೆಯ ವಿದ್ಯೆಯೂ ಇಲ್ಲಿಗೆ ಬಂದಿದ್ದಿತೆಂದು ತಿಳಿಯುತ್ತದೆ. ಕೊಳ್ಳುವುದು ಒಂದು ಹಂತ, ಕೊಂಡದ್ದನ್ನು ಕಾಪಾಡುವುದು ಎರಡನೆಯದು. ಎರಡನ್ನೂ ಅವರು ಸಾಧಿಸಿದ್ದರು. ಸಾಧಿಸದೆ ಉಳಿದುದು ಮೂರನೆಯದು, ಹೊರಗಿನದಕ್ಕೆ ಸಮನಾದ ತಳಿಯನ್ನು ಇಲ್ಲಿಯೇ ಬೆಳೆಸುವುದು. ನಾಡತಳಿಯು ಐದಕ್ಕೆ ಸಾವಿರವಾಗಿದ್ದು ಹೊರ್ಮುಜಿನದು ಮೂರಕ್ಕೆ ಸಾವಿರವಾಗಿದ್ದಿತೆಂಬ ಬೆಲೆಯ ಅಂತರವೇ ಇದನ್ನು ಹೇಳುತ್ತದೆ. ಹವೆಯೂ ಹುಲ್ಲೂ ಅಡ್ಡಿಯಾಗಿದ್ದಿರಬಹುದು. 1565ರ ಸೋಲಿಗೆ ಇದೇ ಕಾರಣವೆಂದು ನಾನು ಹೇಳುತ್ತಿಲ್ಲ; ಹಾಗೆ ಹೇಳಲು ಆಧಾರವಿಲ್ಲ. ಆದರೆ ರಾಜಧಾನಿಯು ಹಾಳಾದ ಮೇಲೆ ಗೋವೆಯ ವ್ಯಾಪಾರವೂ ಕುಸಿಯಿತೆಂದು ಪೋರ್ಚುಗೀಸ್ ಇತಿಹಾಸಕಾರ ದಿಯೊಗೊ ದೊ ಕೌತೊ ಮರುಗಿದ್ದಾನೆ. ಒಬ್ಬನೇ ಗಿರಾಕಿಯನ್ನು ನಂಬಿದವನ ಪಾಡೂ ಒಬ್ಬನೇ ಮಾರಾಟಗಾರನನ್ನು ನಂಬಿದವನ ಪಾಡಿಗಿಂತ ಮೇಲಲ್ಲ.

ಕುದುರೆಗಳು ಬಂದ ದಿಕ್ಕಿನಿಂದಲೇ ಇಂದು ಕಲ್ಲಿದ್ದಲು ಬರುತ್ತಿದೆ. ಹೊಸಪೇಟೆಯ ರೈಲು ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತವರು ಕಲ್ಲಿದ್ದಲಿನ ಬಂಡಿಗಳ ಉದ್ದನೆಯ ಸಾಲು ಪೂರ್ವಕ್ಕೆ ಹೋಗುವುದನ್ನು ಕಂಡಿರುತ್ತಾರೆ. ಗೋವೆಯ ಮುರ್ಮಗೋವಾ ಬಂದರಿನಲ್ಲಿ ಇಳಿದ ಕಲ್ಲಿದ್ದಲು ಕ್ಯಾಸಲ್‌ರಾಕಿನ ಘಟ್ಟವನ್ನು ಏರಿ, ಲೋಂಡ ಹುಬ್ಬಳ್ಳಿಗಳ ಮೇಲೆ ತೋರಣಗಲ್ಲನ್ನು ಸೇರುತ್ತದೆ. ಇಲ್ಲಿಯ ಅದುರಿಗೆ ಜೊತೆಯಾಗಬಲ್ಲ ಕಲ್ಲಿದ್ದಲು ಇಲ್ಲಿಲ್ಲ. ಈ ಕೊರತೆಯು ತೋರಣಗಲ್ಲಿನ ಉಕ್ಕಿನ ಕಥೆಯ ಉದ್ದಕ್ಕೂ ಕಾಣುತ್ತದೆ. 1971ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ವಿಜಯನಗರ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲನ್ನಿಟ್ಟರು. ಕಲ್ಲು ಕಲ್ಲಾಗಿಯೇ ಎರಡು ದಶಕಗಳಿಗೂ ಹೆಚ್ಚು ಕಾಲ ಉಳಿಯಿತು. 1994ರಲ್ಲಿ ಖಾಸಗಿ ಸಂಸ್ಥೆಯು ಹುಟ್ಟಿ, 1999ರಲ್ಲಿ ಮೊದಲ ಕೋರೆಕ್ಸ್ ಕುಲುಮೆಯು ಉರಿಯಿತು.

ಈ ಕೋರೆಕ್ಸ್ ಕೂಡ ಆಮದಿನ ವಿದ್ಯೆಯೇ. ಆಸ್ಟ್ರಿಯದ ಲಿಂಟ್ಸ್ ನಗರದ ಫೋಸ್ಟ್ ಆಲ್ಪಿನೆ ಸಂಸ್ಥೆಯದು. ಅದಕ್ಕೆ ಹಿಂದೆ ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿಯೂ ಕೊರಿಯದ ಪೊಹಾಂಗಿನಲ್ಲಿಯೂ ನಡೆದಿದ್ದಿತು. ಕೋಕ್ ಒಲೆಗಳಿಲ್ಲದೆ ಕಚ್ಚಾ ಕಲ್ಲಿದ್ದಲಿನಿಂದಲೇ ಕಬ್ಬಿಣ ಕರಗಿಸಬಹುದೆಂಬುದು ಅದರ ಆಕರ್ಷಣೆ. ನಡೆಸುವಾಗ ಸ್ವಲ್ಪ ಕೋಕನ್ನು ಬೆರೆಸಲೇಬೇಕಾಯಿತು. ಆದರೂ ಇಲ್ಲಿಯ ಎಂಜಿನಿಯರುಗಳು ಆ ಕುಲುಮೆಯನ್ನು ಇಲ್ಲಿಯ ಅದುರಿಗೆ ಹೊಂದಿಸಿಕೊಂಡು ಕಾಲು ಶತಮಾನ ನಡೆಸಿದರು. ಅದರಿಂದ ಹೊರಬರುವ ಅನಿಲವನ್ನು ಮೊದಲು ವಿದ್ಯುತ್ತಿಗೂ, 2014ರಿಂದ ಅದುರನ್ನು ಕರಗಿಸದೆಯೇ ಕಬ್ಬಿಣವಾಗಿಸುವ ಮಿಡ್ರೆಕ್ಸ್ ಸ್ಥಾವರಕ್ಕೂ ಬಳಸಿಕೊಂಡರು. ದಕ್ಷಿಣ ಆಫ್ರಿಕದ ಸಲ್ಡಾನ್ಹಾದಲ್ಲಿ ಇಂಥ ಜೋಡಣೆಯು ಮೊದಲೇ ನಡೆದಿದ್ದರೂ, ಆ ಕಾರ್ಖಾನೆಯು 2020ರಲ್ಲಿ ಮುಚ್ಚಿತು, ಇಲ್ಲಿಯದು ಮುಂದುವರಿಯಿತು. ಹಸಿರು ಜಲಜನಕವು ಹೋಗಿ ಸೇರುವುದು ಈ ನೇರ ಅಪಕರ್ಷಣದ ವಿಭಾಗಕ್ಕೆ. ಹೊರಗಿನ ಯಂತ್ರವನ್ನು ಕಾಪಾಡುವ ಎರಡನೆಯ ಹಂತವು ತೋರಣಗಲ್ಲಿಗೆ ಹೊಸದಲ್ಲವೆಂದು ಇದರಿಂದ ತಿಳಿಯುತ್ತದೆ.

ಮೂರನೆಯ ಹಂತವನ್ನು ಮುಟ್ಟಿದ ನಿದರ್ಶನವು ಕರ್ಣಾಟಕದಲ್ಲಿ ಇಲ್ಲದೆ ಇಲ್ಲ. 1902ರ ಜೂನ್ ಕೊನೆಯಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೊಮೀಟರ್ ತಂತಿಯ ಮೇಲೆ ವಿದ್ಯುತ್ತು ಹರಿದಾಗ, ನೀರುಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಸಂಸ್ಥೆಯವಾಗಿದ್ದುವು, ವಿದ್ಯುಜ್ಜನಕಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯವು. ರೈಲು ಮುಗಿದಲ್ಲಿಂದ ಆನೆಗಳೂ ಎತ್ತಿನ ಬಂಡಿಗಳೂ ಅವನ್ನು ಎಳೆದುವು. ಮೂವತ್ತು ವರ್ಷಗಳ ತರುವಾಯ, 1933ರಲ್ಲಿ, ಬೆಂಗಳೂರಿನಲ್ಲಿ ಸರ್ಕಾರಿ ವಿದ್ಯುತ್ ಕಾರ್ಖಾನೆಯು ಸ್ಥಾಪಿತವಾಗಿ, ಮೈಸೂರಿಗೆ ಬೇಕಾದ ಟ್ರಾನ್ಸ್‌ಫಾರ್ಮರುಗಳು ಮೈಸೂರಿನಲ್ಲಿಯೇ ತಯಾರಾಗತೊಡಗಿದುವು. ಇಂದು ‘ಕವಿಕ’ ಎಂಬ ಹೆಸರಿನಿಂದ ಅದೇ ಕಾರ್ಖಾನೆಯು ಪ್ರಸಿದ್ಧವಾಗಿದೆ. ಒಂದು ತಲೆಮಾರು ಯಂತ್ರದ ಬಳಿ ಕುಳಿತು ಕಲಿತುದು ಮುಂದಿನ ತಲೆಮಾರಿನ ಕೈಕಸಬಾಯಿತು.

ಜಲಜನಕದ ವಿಷಯದಲ್ಲಿ ಹೀಗೆ ಆಗಬಹುದಾಗಿದ್ದ ಅವಕಾಶವೊಂದು ಭಾರತದ ಕೈಗೆ ಬಂದು ತಪ್ಪಿತು. ನೀರನ್ನು ವಿದ್ಯುತ್ತಿನಿಂದ ಒಡೆಯುವ ವಿದ್ಯೆಯು ಹೊಸದೆಂದು ಭಾವಿಸುವ ವಿದ್ಯಾರ್ಥಿಗಳಿಗೆ ಇದು ಆಶ್ಚರ್ಯವಾದೀತು. ನಿಕಲ್ಸನ್ ಮತ್ತು ಕಾರ್ಲೈಲ್ ಅದನ್ನು 1800ರಲ್ಲಿಯೇ ತೋರಿಸಿದರು. ನಾರ್ವೆಯ ಜಲಪಾತಗಳ ಬಳಿ 1920ರ ದಶಕದ ಕೊನೆಯಿಂದ ದೊಡ್ಡ ಪ್ರಮಾಣದಲ್ಲಿ ಗೊಬ್ಬರಕ್ಕಾಗಿ ಜಲಜನಕವನ್ನು ತೆಗೆದರು. ಪಂಜಾಬಿನ ನಂಗಲ್ಲಿನಲ್ಲಿ 1961ರಲ್ಲಿ ಆರಂಭವಾದ ಗೊಬ್ಬರದ ಕಾರ್ಖಾನೆಯು ಭಾಕ್ರಾದ ಜಲವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ ಪಡೆಯುತ್ತಿದ್ದಿತು. ಇಟಲಿಯ ದೆ ನೋರಾ ಸಂಸ್ಥೆಯ ಯಂತ್ರಗಳು ಅಲ್ಲಿದ್ದುವು. ಗಂಟೆಗೆ 30,000 ಘನ ಮೀಟರ್ ಜಲಜನಕ ಕೊಡಬಲ್ಲ ಆ ಸ್ಥಾವರವು ಆ ಕಾಲದಲ್ಲಿ ಜಗತ್ತಿನ ದೊಡ್ಡವುಗಳಲ್ಲಿ ಒಂದು. ಗಂಟೆಯ ಲೆಕ್ಕದಲ್ಲಿ ತೋರಣಗಲ್ಲಿನ ಇಂದಿನ ಸ್ಥಾವರಕ್ಕಿಂತ ಅದು ಆರು ಪಾಲು ದೊಡ್ಡದು! 1978ರ ವೇಳೆಗೆ ಇಂಧನತೈಲದಿಂದ ಜಲಜನಕ ತೆಗೆಯುವ ಮಾರ್ಗವು ಅಲ್ಲಿಗೆ ಬಂದಿತು. ವಿದ್ಯುತ್ತಿಗೆ ಬೇರೆಡೆ ಬೇಡಿಕೆ ಹೆಚ್ಚಿತು. ಹಳೆಯ ಮಾರ್ಗವು ಹಿಂದೆ ಸರಿಯಿತು. ಅಂದಿನ ಲೆಕ್ಕದಲ್ಲಿ ಅದು ತಪ್ಪಲ್ಲದಿರಬಹುದು. ಆದರೆ ಆ ಯಂತ್ರಗಳನ್ನು ಹಗಲಿರುಳು ನಡೆಸಿದವರ ಅನುಭವದಿಂದ ಭಾರತೀಯ ಯಂತ್ರವೊಂದು ಹುಟ್ಟಲಿಲ್ಲ. ಅರವತ್ತು ವರ್ಷಗಳ ಮೇಲೆ ನಾವು ಮತ್ತೆ ಮೊದಲನೆಯ ಹಂತದಲ್ಲಿ, ಗಿರಾಕಿಗಳಾಗಿ, ನಿಂತಿದ್ದೇವೆ.

ಇಂದಿನ ಯಂತ್ರದ ಒಳಗೆ ನೋಡಿದರೆ ಕಷ್ಟವು ಎಲ್ಲಿದೆಯೆಂಬುದು ಕಾಣುತ್ತದೆ. ಹಳೆಯ ಬಗೆಯ ಕ್ಷಾರೀಯ ಯಂತ್ರದಲ್ಲಿ ವಿದ್ಯುದಗ್ರಗಳಿಗೆ ನಿಕ್ಕಲ್ ಬೇಕು. ನಿಕ್ಕಲಿಗಾಗಿ ಭಾರತವು ಆಮದನ್ನೇ ನೆಚ್ಚಿದೆ. ಎರಡು ಅನಿಲಗಳೂ ಬೆರೆಯದಂತೆ ನಡುವೆ ಇಡುವ ಪೊರೆಗೆ ಜಗತ್ತಿನ ಬಹು ತಯಾರಕರು ಬೆಲ್ಜಿಯಮ್ಮಿನ ಆಗ್ಫಾ ಸಂಸ್ಥೆಯ ಕಡೆ ನೋಡುತ್ತಾರೆ. ಹೊಸ ಬಗೆಯ ಪೊರೆಯಂತ್ರದಲ್ಲಿ ಧನಾಗ್ರಕ್ಕೆ ಇರಿಡಿಯಂ ಲೇಪನವಿರಬೇಕು. ಇರಿಡಿಯಮ್ಮಿನ ವಾರ್ಷಿಕ ಉತ್ಪತ್ತಿಯು ಇಡೀ ಜಗತ್ತಿನಲ್ಲಿ ಏಳೆಂಟು ಟನ್ ಮಾತ್ರ. ಅದರಲ್ಲಿ ಹೆಚ್ಚಿನ ಪಾಲು ದಕ್ಷಿಣ ಆಫ್ರಿಕದ ಪ್ಲಾಟಿನಂ ಗಣಿಗಳಿಂದ ಬರುವ ಉಪೋತ್ಪನ್ನ. ಮೆಗಾವಾಟಿಗೆ ಸುಮಾರು 400 ಗ್ರಾಂ ಬೇಕೆಂದು ಹಿಡಿಯೋಣ. 2023ರ ಜನವರಿಯಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಹಸಿರು ಜಲಜನಕ ಯೋಜನೆಯು 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ ಜಲಜನಕವನ್ನು ಬಯಸುತ್ತದೆ. ಇದಕ್ಕೆ ಕನಿಷ್ಠ 60,000 ಮೆಗಾವಾಟಿನ ಯಂತ್ರಗಳು ಬೇಕು. ಎಲ್ಲವೂ ಪೊರೆಯಂತ್ರಗಳೇ ಆದರೆ 24 ಟನ್ ಇರಿಡಿಯಂ, ಅಂದರೆ ಜಗತ್ತಿನ ಮೂರು ವರ್ಷಗಳ ಉತ್ಪತ್ತಿಯು ಭಾರತವೊಂದಕ್ಕೇ ಬೇಕಾಗುವುದು. ಆಗುವ ಮಾತಲ್ಲ. ಹೀಗಾಗಿ ಕ್ಷಾರೀಯ ಯಂತ್ರಗಳೇ ಬಹುಪಾಲು ಆಗಬೇಕು; ಅವುಗಳ ತಯಾರಿಕೆಯಲ್ಲಿ ಜಗತ್ತಿನ ಸಾಮರ್ಥ್ಯದ ಅರ್ಧಕ್ಕಿಂತ ಹೆಚ್ಚು ಪಾಲು ಚೀನದಲ್ಲಿದೆ. ಹೊರ್ಮುಜ್ ಎಲ್ಲಿಗೆ ಸ್ಥಳಾಂತರವಾಗಿದೆಯೆಂದು ಬೇರೆ ಹೇಳಬೇಕಾಗಿಲ್ಲ.

ಲಾಳ ಕಟ್ಟುವವನ ಕಥೆಯೂ ಮರಳಿ ಬಂದಿದೆ, ಎರಡು ರೀತಿಯಲ್ಲಿ. 2020ರ ಗಡಿ ಘರ್ಷಣೆಯ ತರುವಾಯ ಚೀನದ ತಂತ್ರಜ್ಞರಿಗೆ ಭಾರತದ ವೀಸಾ ದೊರೆಯುವುದು ಕಷ್ಟವಾಗಿ, ಆ ದೇಶದಿಂದ ಯಂತ್ರಗಳನ್ನು ತರಿಸಿದ್ದ ಹಲವು ಉದ್ಯಮಗಳಲ್ಲಿ ಜೋಡಣೆಯ ಕೆಲಸವು ತಡವಾಯಿತು. ಪೋಲೊನ ಕಾಲದಲ್ಲಿ ಕಸಬುದಾರನನ್ನು ತಡೆದವನು ಮಾರುವವನು. ಇಲ್ಲಿ ತಡೆದವರು ಕೊಂಡ ನಾವೇ, ಅದಕ್ಕೆ ಬೇರೆ ಕಾರಣಗಳಿದ್ದುವು. 2025ರ ಏಪ್ರಿಲಿನಲ್ಲಿ ಚೀನವು ವಿರಳ ಧಾತುಗಳ ಅಯಸ್ಕಾಂತಗಳ ರಫ್ತಿಗೆ ಅನುಮತಿಪತ್ರದ ಕಟ್ಟಳೆಯನ್ನು ವಿಧಿಸಿದಾಗ ನಮ್ಮ ಮೋಟಾರು ಕಾರ್ಖಾನೆಗಳು ಕಳವಳಪಟ್ಟುವು. ಅದು ಆಲ್ಬುಕರ್ಕನ ರೀತಿ. ಬಿಸಿಲಿನಿಂದ ವಿದ್ಯುತ್ತು ತೆಗೆಯುವ ಹಲಗೆಗಳ ಮೇಲೆ 2022ರ ಏಪ್ರಿಲಿನಿಂದ ಶೇಕಡಾ 40ರ ಸುಂಕವನ್ನು ಹಾಕಿದುದೂ ಈ ಸರಪಳಿಗೆ ಸೇರುತ್ತದೆ: ಸುಂಕವಿಲ್ಲದಿದ್ದರೆ ದೇಶದ ತಯಾರಕನು ಬೆಳೆಯಲಾರನು, ಸುಂಕವಿದ್ದರೆ ವಿದ್ಯುತ್ತು ತುಟ್ಟಿಯಾಗಿ ಅದರಿಂದ ತೆಗೆದ ಜಲಜನಕವೂ ತುಟ್ಟಿಯಾಗುವುದು.

ಸರ್ಕಾರವು ಇದನ್ನು ಅರಿಯದೆ ಇಲ್ಲ. ಯೋಜನೆಯ 19,744 ಕೋಟಿ ರೂಪಾಯಿಗಳಲ್ಲಿ 4,440 ಕೋಟಿಯನ್ನು ಯಂತ್ರಗಳ ತಯಾರಿಕೆಗೆಂದೇ ಎತ್ತಿಟ್ಟು, ದೇಶದೊಳಗೆ ಸೇರಿಸುವ ಮೌಲ್ಯವನ್ನು ವರ್ಷ ವರ್ಷವೂ ಏರಿಸಬೇಕೆಂಬ ಷರತ್ತು ಹಾಕಿದ್ದಾರೆ. ಬೆಂಗಳೂರಿನ ಬಳಿ ಓಮಿಯಂ ಸಂಸ್ಥೆಯು 2021ರಲ್ಲಿ ಇಂಥ ಯಂತ್ರಗಳ ಕಾರ್ಖಾನೆಯನ್ನು ತೆರೆಯಿತು. ಅಲ್ಲಿ ತಯಾರಾದ ಮೊದಲ ಯಂತ್ರವು ಅದೇ ವರ್ಷದ ಕೊನೆಯಲ್ಲಿ ಅಮೆರಿಕಕ್ಕೆ ಹೋಯಿತು. ಶಿವನಸಮುದ್ರದ ದಾರಿಯನ್ನು ನೆನೆದವರಿಗೆ ಇದು ಸಂತೋಷದ ಸುದ್ದಿ. ಆದರೂ ಜೋಡಿಸುವುದಕ್ಕೂ ತಯಾರಿಸುವುದಕ್ಕೂ ಅಂತರವಿದೆ. ಹೊರಕವಚ, ಕೊಳವೆ, ಟ್ರಾನ್ಸ್‌ಫಾರ್ಮರು ಇಲ್ಲಿಯವಾಗಿ, ಪೊರೆ ಮತ್ತು ಲೇಪನ ಅಲ್ಲಿಯವಾದರೆ ಅದನ್ನು ನಾಡತಳಿಯೆಂದು ಕರೆಯುವುದು ಕಷ್ಟ.

ಕೈಕಸಬು ಹತ್ತಿರವಿದ್ದರೆ ಎಷ್ಟು ಅನುಕೂಲವೆಂಬುದನ್ನು ಹೊಸಪೇಟೆಯು ಈಚೆಗೆ ಕಂಡಿತು. 1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟನ್ನು ಕಲ್ಲು ಮತ್ತು ಸುರ್ಕಿಗಾರೆಗಳಿಂದ, ಈ ನೆಲದಲ್ಲಿಯೇ ಸಿಕ್ಕುವ ಸಾಮಗ್ರಿಯಿಂದ ಕಟ್ಟಿದರು. 2024ರ ಆಗಸ್ಟ್ 10ರ ರಾತ್ರಿ, ಎಪ್ಪತ್ತು ವರ್ಷಗಳ ಹಳೆಯ ಸರಪಳಿ ತುಂಡಾಗಿ 33 ತೂಬುಗಳಲ್ಲಿ 19ನೆಯದರ ಬಾಗಿಲು ಕೊಚ್ಚಿಹೋಯಿತು. ಜಲಾಶಯವು ತುಂಬಿದ್ದ ಕಾಲ. ಕೆಳಗಿನ ರೈತರ ವರ್ಷದ ಬೆಳೆಯೇ ಹರಿದುಹೋಗುವಂತಿದ್ದಿತು. ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಈ ಸೀಮೆಯ ಕಾರ್ಖಾನೆಗಳಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ತಯಾರಿಸಿ, ನೀರು ರಭಸದಿಂದ ಹರಿಯುತ್ತಿರುವಾಗಲೇ ಒಂದು ವಾರದೊಳಗೆ ಇಳಿಸಿದರು. ಬಾಗಿಲು ಸಾಗರದಾಚೆಯಿಂದ ಬರಬೇಕಾಗಿದ್ದರೆ ಆ ವರ್ಷ ಕಂಪ್ಲಿ ಗಂಗಾವತಿಗಳ ಗದ್ದೆಗಳ ಗತಿಯೇನಾಗುತ್ತಿದ್ದಿತು!

ಜಲಜನಕಯಂತ್ರದ ಹೃದಯಭಾಗವಾದ ಕೋಶಗಳ ಅಟ್ಟಣೆಯು ಸಾಮಾನ್ಯವಾಗಿ 60ರಿಂದ 90 ಸಾವಿರ ಗಂಟೆಗಳ ದುಡಿಮೆಗೆ ಸವೆಯುತ್ತದೆ. ಎಡೆಬಿಡದೆ ನಡೆದರೆ ಏಳರಿಂದ ಹತ್ತು ವರ್ಷ. 2025ರ ಕೊನೆಯಲ್ಲಿ ನಡೆಯತೊಡಗಿದ ಸ್ಥಾವರದಲ್ಲಿ 2032ರಿಂದ 2035ರೊಳಗೆ ಅದನ್ನು ಬದಲಿಸುವ ಕಾಲ ಬರುವುದು. ಆಗ ಹೊಸ ಅಟ್ಟಣೆಯು ಯಾವ ಬಂದರಿನಿಂದ ಬಂದಿತು, ಅದನ್ನು ಕೂರಿಸಿದವರು ಯಾರು ಎಂಬುದನ್ನು ಬರೆದಿಡುವವರು ಇರಬೇಕು. ನ್ಯೂನಿಜನು 1,600 ಲಾಯದಾಳುಗಳನ್ನು ಎಣಿಸಿದ್ದಾನೆಯೇ ಹೊರತು ಅವರಲ್ಲಿ ಒಬ್ಬನ ಹೆಸರನ್ನೂ ಹೇಳಿಲ್ಲ. ನಂಗಲ್ಲಿನ ಯಂತ್ರಗಳನ್ನು ನಡೆಸಿದ ಕೆಲಸಗಾರರ ನೆನಪುಗಳನ್ನು ಸಂಗ್ರಹಿಸಬೇಕಾದ ಕಾಲವೂ ವೇಗವಾಗಿ ಜಾರುತ್ತಿದೆ. ಕಾರ್ಖಾನೆಯ ದಿನಚರಿಗಳು, ಸುಂಕದ ಕಟ್ಟೆಯ ಬಿಲ್ಲುಗಳು, ದುರಸ್ತಿಯ ಪುಸ್ತಕಗಳು ಶಾಸನಗಳಂತೆಯೇ ಇತಿಹಾಸದ ಆಕರಗಳು. ಹಂಪಿ ಹೊಸಪೇಟೆಗಳ ಕಾಲೇಜುಗಳ ವಿದ್ಯಾರ್ಥಿಗಳಿಗೆ ತೋರಣಗಲ್ಲು ಒಂದು ಗಂಟೆಯ ಪ್ರಯಾಣ. ಈ ಕೆಲಸವನ್ನು ಅವರು ಈಗಲೇ ಕೈಗೊಳ್ಳಬಹುದು.